ನಾಣ್ಯಕ್ಕೆ ಮಾರ್ಕ್ಸ್ ಕೊಡುವವರು

ನಾಣ್ಯ ಸಂಗ್ರಹದ ಲೋಕದಲ್ಲಿ ಒಂದು ವಿಚಿತ್ರ ವ್ಯವಹಾರ ಇದೆ. ನಿಮ್ಮ ನಾಣ್ಯವನ್ನು ನೀವೇ ಪ್ಯಾಕ್ ಮಾಡಿ, ಇನ್ಶೂರೆನ್ಸ್ ಮಾಡಿಸಿ, ಒಂದು ಕಂಪನಿಗೆ ಕಳಿಸಬೇಕು. ಜೊತೆಗೆ ದುಡ್ಡೂ ಕೊಡಬೇಕು. ಅವರು ಅದು ಅಸಲಿಯೋ ನಕಲಿಯೋ ನೋಡಿ, 1ರಿಂದ 70ರೊಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸ್ತಾರೆ. ಈ ಡಬ್ಬಿಗೆ ಸ್ಲ್ಯಾಬ್ ಅಂತ ಹೆಸರು. ಒಳಗಿರೋ ನಾಣ್ಯ ಅದೇ. ಆದರೆ ಮೇಲಿನ ಚೀಟಿಯಲ್ಲಿ 64 ಇದ್ದರೆ ಒಂದು ಬೆಲೆ, 65 ಇದ್ದರೆ ಇನ್ನೊಂದು ಬೆಲೆ. ಕೆಲವು ಅಪರೂಪದ ನಾಣ್ಯಗಳಲ್ಲಿ ಆ ಒಂದು ಅಂಕದ ಬೆಲೆ ನಮ್ಮಂಥವರ ಒಂದು ವರ್ಷದ ಸಂಬಳ.

ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಇದೇನು ಹೊಸದಲ್ಲ ಬಿಡಿ. ವರ್ಷಕ್ಕೊಮ್ಮೆ ಯಾರೋ ಮುಚ್ಚಿದ ಬಾಗಿಲ ಹಿಂದೆ ಕೂತು ನಮಗೂ 3.5 ಅಂತಲೋ 4 ಅಂತಲೋ ಹಾಕ್ತಾರೆ. ನಾವು ಹಿಂದಿನ ದಿನ ಇದ್ದ ಮನುಷ್ಯರೇ. ಹೈಕ್ ಮಾತ್ರ ಬೇರೆ.

ಡಲ್ಲಾಸ್‌ನಲ್ಲಿ ಮೂರು ವರ್ಷ ಆನ್‌ಸೈಟ್ ಇದ್ದಾಗ ನನಗೆ ಈ ಹುಚ್ಚು ಹತ್ತಿತು. ವಾರಾಂತ್ಯದಲ್ಲಿ ಹೋಟೆಲ್ ಹಾಲ್‌ಗಳಲ್ಲಿ ನಾಣ್ಯ ಮೇಳ ನಡೀತಿತ್ತು. ಅಲ್ಲಿ ಮೇಜಿನ ತುಂಬಾ ಸ್ಲ್ಯಾಬ್‌ಗಳೇ. ಯಾವ ಕಂಪನಿಯ ಡಬ್ಬಿ, ಅಂಕ ಎಷ್ಟು, ಅದನ್ನು ನಂಬಬಹುದಾ ಅಂತ ಹೋಲಿಸಿ ನೋಡೋದು ನನಗೆ ಒಂಥರಾ ಆಟ ಆಗಿತ್ತು. ಆದರೆ ಕಳೆದ ವರ್ಷ ಅದು ಮನೆಯ ವಿಷಯ ಆಯ್ತು.

ತುಮಕೂರಿನ ನನ್ನ ಸೋದರಮಾವ ಬ್ಯಾಂಕಿನಲ್ಲಿದ್ದವರು. ಮೂವತ್ತು ವರ್ಷ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಕೂಡಿಟ್ಟರು. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಮನೆಯ ತಾರಸಿ ಸೋರಲು ಶುರುವಾಯ್ತು. ರಿಪೇರಿಗೆ ಹೇಳಿದ ಮೊತ್ತ ಕೇಳಿ ಅತ್ತೆ ಬೀರುವಿನಿಂದ ಡಬ್ಬಿ ಹೊರಗೆ ತೆಗೆದರು. ಒಟ್ಟು 47 ನಾಣ್ಯ. ಗುರುತಿನ ವ್ಯಾಪಾರಿಯೊಬ್ಬರು ಎಲ್ಲವನ್ನೂ ತಕ್ಕಡಿಗೆ ಹಾಕಿ ಬೆಳ್ಳಿಯ ಲೆಕ್ಕದಲ್ಲಿ ಒಂದು ಬೆಲೆ ಹೇಳಿದ್ದರಂತೆ. ಅತ್ತೆ ನನಗೆ ಫೋನ್ ಮಾಡಿದರು.

“ನೀನು ಅಮೆರಿಕದಲ್ಲಿ ಇದನ್ನೆಲ್ಲ ನೋಡಿದೀಯಲ್ಲೋ. ಅಲ್ಲಿಗೆ ಕಳಿಸಿದ್ರೆ ಜಾಸ್ತಿ ಸಿಗುತ್ತಾ?”

ಕೇಳೋಕೆ ಸುಲಭದ ಪ್ರಶ್ನೆ. ಉತ್ತರ ಹೇಳಬೇಕಾದರೆ ಈ ಕಂಪನಿಗಳು ಮಾಡೋದೇನು ಅನ್ನೋದನ್ನು ಮೊದಲಿಂದ ಹೇಳಬೇಕು.

1ರಿಂದ 70ರ ಈ ಅಳತೆಗೋಲು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞನದು. 1949ರಲ್ಲಿ ಆತ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳ ಬಗ್ಗೆ ಪುಸ್ತಕ ಬರೆದಾಗ ಇದನ್ನು ತಂದ. ಲೆಕ್ಕ ಸರಳ: ಗುರುತು ಸಿಗೋ ಹಾಗಷ್ಟೇ ಉಳಿದಿರುವ ಸವಕಲು ನಾಣ್ಯದ ಬೆಲೆ ಒಂದು ಡಾಲರ್ ಆದರೆ, ಅದೇ ನಾಣ್ಯ ಅಪ್ಪಟ ಸ್ಥಿತಿಯಲ್ಲಿದ್ದರೆ ಎಪ್ಪತ್ತು ಡಾಲರ್. ಆ ಬೆಲೆಯ ಲೆಕ್ಕ ಬೇಗನೆ ಬಿದ್ದುಹೋಯ್ತು, ಅಂಕಗಳು ಉಳಿದವು. ಇನ್ನೊಂದು ತಮಾಷೆ ಕೇಳಿ. ನ್ಯೂಯಾರ್ಕಿನ ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು, ಅವುಗಳ ಜಾಗದಲ್ಲಿ ಕಳಪೆ ನಾಣ್ಯಗಳನ್ನು ಇಟ್ಟವನು ಇದೇ ಶೆಲ್ಡನ್ ಅಂತ ಅವನು ಸತ್ತ ಮೇಲೆ ಬೆಳಕಿಗೆ ಬಂತು. ಈ ಕಂಪನಿಗಳು ಇವತ್ತು ನಾಣ್ಯ ಅಳೆಯೋದು ಅವನ ಗೋಲಿನಲ್ಲೇ.

ಇಂದಿನ ಬಳಕೆಯಲ್ಲಿ 60ರಿಂದ 70 ಅಂದರೆ ಚಲಾವಣೆಗೇ ಬೀಳದ ನಾಣ್ಯ. 58 ಅಂದರೆ ಎಲ್ಲೋ ಒಂದೆರಡು ಕಡೆ ಉಜ್ಜಿದ ಗುರುತು ಇರುವಂಥದ್ದು. ಇದರಲ್ಲೊಂದು ಸ್ವಾರಸ್ಯ ಇದೆ. ಚಲಾವಣೆಗೆ ಬೀಳದಿದ್ದರೂ ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಬಡಿದು ಗೀರುಬಿದ್ದ ನಾಣ್ಯಕ್ಕೆ 61 ಬರಬಹುದು. ಪಕ್ಕದಲ್ಲಿ 58ರದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿ ಕಾಣಬಹುದು. ಅಂಕ ಜಾಸ್ತಿ, ಅಂದ ಕಮ್ಮಿ.

ಈಗ ಕಂಪನಿಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯದು ಅನಾಕ್ಸ್. ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘ 1972ರಲ್ಲಿ ಅಸಲಿ-ನಕಲಿ ಪರೀಕ್ಷೆಗೆಂದು ಇದನ್ನು ಆರಂಭಿಸಿತು. 1979ರಿಂದ ದರ್ಜೆಯನ್ನೂ ಹೇಳತೊಡಗಿತು. ಆಗ ಡಬ್ಬಿ ಇರಲಿಲ್ಲ. ಫೋಟೊ ಅಂಟಿಸಿದ ಪ್ರಮಾಣಪತ್ರ ಕೊಡ್ತಿದ್ದರು. ಈಗ ಅದು ಸಂಘದ ಕೈಯಲ್ಲಿಲ್ಲ, ಖಾಸಗಿ ಕಂಪನಿ. ಗಾಯಗೊಂಡ, ತೊಳೆದ ನಾಣ್ಯಗಳನ್ನೂ ತಗೊಂಡು ದೋಷವನ್ನು ಚೀಟಿಯ ಮೇಲೆ ಬರೆದು ಕೊಡೋದರಲ್ಲಿ ಅದಕ್ಕೆ ಮೊದಲಿಂದ ಹೆಸರು.

1986ರಲ್ಲಿ ಪಿಸಿಜಿಎಸ್ ಬಂತು. ಆಟದ ನಿಯಮ ಬದಲಾಗಿದ್ದು ಆಗ. ಒಬ್ಬರಿಗಿಂತ ಹೆಚ್ಚು ಪರಿಣಿತರು ಬೇರೆ ಬೇರೆಯಾಗಿ ನೋಡೋದು, ನಾಣ್ಯ ಯಾರದು ಅಂತ ಅವರಿಗೆ ಗೊತ್ತಿಲ್ಲದಿರೋದು, ಡಬ್ಬಿಗೆ ಸೀಲ್ ಹಾಕೋದು, ಹೇಳಿದ ದರ್ಜೆ ತಪ್ಪಿದರೆ ಷರತ್ತಿನ ಮೇಲೆ ಹಣ ಕೊಡೋದು. ಮರುವರ್ಷ, 1987ರಲ್ಲಿ, ಎನ್‌ಜಿಸಿ ಬಂತು. ಅದರ ಪದ್ಧತಿಯೂ ಹೆಚ್ಚುಕಮ್ಮಿ ಅದೇ. ಇವತ್ತಿಗೂ ಪೈಪೋಟಿ ಮುಖ್ಯವಾಗಿ ಇವೆರಡರ ನಡುವೆ.

ಯಾವುದು ಮೇಲು ಅಂತ ಡಲ್ಲಾಸ್ ಮೇಳದಲ್ಲಿ ಹತ್ತು ಜನರನ್ನು ಕೇಳಿದರೆ ಹನ್ನೊಂದು ಉತ್ತರ. ನಾನು ಕಂಡಿದ್ದು ಇಷ್ಟು. ಅಮೆರಿಕದ ನಾಣ್ಯ ಮಾರುವಾಗ ಪಿಸಿಜಿಎಸ್ ಡಬ್ಬಿಗೆ ಸ್ವಲ್ಪ ಜಾಸ್ತಿ ಕೊಡುವವರು ಇದ್ದಾರೆ. ಬೇರೆ ದೇಶಗಳ ನಾಣ್ಯದ ಮೇಜುಗಳಲ್ಲಿ, ನಮ್ಮ ಬ್ರಿಟಿಷ್ ಇಂಡಿಯಾ ರೂಪಾಯಿಗಳೂ ಸೇರಿ, ನನ್ನ ಕಣ್ಣಿಗೆ ಹೆಚ್ಚು ಬಿದ್ದಿದ್ದು ಎನ್‌ಜಿಸಿ. ಪಿಸಿಜಿಎಸ್ ತೆಗೆಯೋ ಫೋಟೊಗಳು ಬಹಳ ಚೆನ್ನ. ಎನ್‌ಜಿಸಿ ಡಬ್ಬಿಯಲ್ಲಿ ನಾಣ್ಯದ ಅಂಚು ಚೆನ್ನಾಗಿ ಕಾಣುತ್ತೆ. ನೋಡೋಕೆ ವಿಶೇಷ ಅಂದ ಇರೋ ನಾಣ್ಯಕ್ಕೆ ಅಂಕದ ಪಕ್ಕ ಒಂದು ನಕ್ಷತ್ರವನ್ನೂ ಹಾಕ್ತಾರೆ. ಪ್ರಾಚೀನ ನಾಣ್ಯಗಳ ವಿಷಯದಲ್ಲಿ ಎನ್‌ಜಿಸಿಯ ರೀತಿಯೇ ಬೇರೆ. ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ, ಮೇಲ್ಮೈ ಹೇಗಿದೆ ಅಂತ ಎರಡಕ್ಕೂ ಬೇರೆ ಬೇರೆಯಾಗಿ ಐದಕ್ಕೆ ಅಂಕ. ಅಸಲಿ ಅಂತ ಗ್ಯಾರಂಟಿ ಮಾತ್ರ ಅವಕ್ಕೆ ಇಲ್ಲ. ಇದನ್ನು ಅವರೇ ಮೊದಲೇ ಹೇಳ್ತಾರೆ. ಡಬ್ಬಿ ನೋಡಿ ಮರುಳಾಗುವವರು ಆ ಸಾಲನ್ನು ಓದೋದಿಲ್ಲ.

ಇದೆಲ್ಲ ಸಾಲದು ಅಂತ 2007ರಲ್ಲಿ ಸಿಎಸಿ ಬಂತು. ಎನ್‌ಜಿಸಿ ಕಟ್ಟಿದ ಜಾನ್ ಆಲ್ಬನೀಸ್ ಅವರದ್ದೇ ಇದು. ಪಿಸಿಜಿಎಸ್, ಎನ್‌ಜಿಸಿ ಡಬ್ಬಿಯೊಳಗಿರುವ ಅಮೆರಿಕದ ನಾಣ್ಯಗಳನ್ನು ಮತ್ತೆ ನೋಡಿ, ಅಂಕ ಗಟ್ಟಿಯಾಗಿದ್ದರೆ ಹಸಿರು ಸ್ಟಿಕರ್, ಕೊಟ್ಟಿದ್ದಕ್ಕಿಂತ ಜಾಸ್ತಿ ಅಂಕಕ್ಕೆ ಯೋಗ್ಯ ಅನ್ನಿಸಿದರೆ ಬಂಗಾರದ ಬಣ್ಣದ ಸ್ಟಿಕರ್. ಅಂದರೆ ಪೇಪರ್ ತಿದ್ದಿದವರ ಪೇಪರ್ ತಿದ್ದುವವರು. 2023ರಿಂದ ಸಿಎಸಿ ಬಳಗದವರು ತಮ್ಮದೇ ಡಬ್ಬಿಯನ್ನೂ ಶುರು ಮಾಡಿದ್ದಾರೆ.

ಡಲ್ಲಾಸ್‌ನಲ್ಲಿ ಒಮ್ಮೆ ನಾನೊಂದು ಪ್ರಯೋಗ ಮಾಡಿದೆ. 1881ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಮಾರ್ಗನ್ ಬೆಳ್ಳಿ ಡಾಲರ್ ಒಂದು ನನ್ನ ಹತ್ತಿರ ಇತ್ತು. ಸುಲಭವಾಗಿ ಸಿಗುವ ನಾಣ್ಯ, ಅಚ್ಚು ಚೆನ್ನಾಗಿ ಬಿದ್ದಿರುತ್ತೆ, ಒಂದು ಅಂಕ ಹೆಚ್ಚುಕಮ್ಮಿಯಾದರೆ ದೊಡ್ಡ ನಷ್ಟವೇನಿಲ್ಲ. ಒಂದು ಕಂಪನಿಗೆ ಕಳಿಸಿದೆ, 63 ಅಂದರು. ಡಬ್ಬಿ ಒಡೆದು, ನಾಣ್ಯ ತೆಗೆದು ಇನ್ನೊಂದು ಕಂಪನಿಗೆ ಕಳಿಸಿದೆ, 62 ಅಂದರು. ಇದರಲ್ಲಿ ಮೋಸ ಏನೂ ಇಲ್ಲ. ಕೆನ್ನೆಯ ಮೇಲಿನ ಒಂದು ಸಣ್ಣ ಗೀರನ್ನು ಒಬ್ಬರು ಸ್ವಲ್ಪ ಜಾಸ್ತಿ ಲೆಕ್ಕಕ್ಕೆ ತಗೊಂಡಿದ್ದಾರೆ, ಅಷ್ಟೆ. ಅಂಕ ಬರೋದು ತಕ್ಕಡಿಯಿಂದ ಅಲ್ಲ, ಮನುಷ್ಯರ ಕಣ್ಣಿಂದ. ದುಬಾರಿ ನಾಣ್ಯಗಳನ್ನು ಹೀಗೆ ಮತ್ತೆ ಮತ್ತೆ ಒಡೆದು, ಒಂದು ಅಂಕ ಜಾಸ್ತಿ ಬರುವ ತನಕ ಕಳಿಸುತ್ತಲೇ ಇರುವ ವ್ಯಾಪಾರಿಗಳಿದ್ದಾರೆ. ಅಂಕ ಕಮ್ಮಿ ಬಂದಾಗ ಬಾಯಿ ಬಿಡೋದಿಲ್ಲ, ಜಾಸ್ತಿ ಬಂದಾಗ ಬಿಡ್ತಾರೆ.

ಹಾಗಂತ ಈ ಸೇವೆ ದಂಡ ಅಂತಲ್ಲ. ನಾನು ನೋಡಿರುವಂತೆ ಅದರ ನಿಜವಾದ ಉಪಯೋಗ ಎರಡು. ನಕಲಿಯನ್ನು ಹಿಡಿಯೋದು ಒಂದು. ದೂರದಲ್ಲಿ ಕೂತು ಬರೀ ಫೋಟೊ ನೋಡಿ ಕೊಳ್ಳುವವರಿಗೆ ಧೈರ್ಯ ಕೊಡೋದು ಇನ್ನೊಂದು. ಡಬ್ಬಿಯ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ವಿವರ ಬರುತ್ತೆ. ಫೋಟೊ ಇದ್ದರೆ ತಾಳೆ ನೋಡಲೇಬೇಕು, ಯಾಕಂದ್ರೆ ನಕಲಿ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಒಂದು ಶನಿವಾರ ತುಮಕೂರಿಗೆ ಹೋದೆ. ಭೂತಗನ್ನಡಿ, ಗ್ರಾಂನ ನೂರನೇ ಒಂದು ಭಾಗ ತೋರಿಸೋ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಹತ್ತಿಯ ಕೈಗವಸು. ಅತ್ತೆ ಕಾಫಿ ಕೊಟ್ಟು ಎದುರಿಗೆ ಕೂತರು.

ಎಲ್ಲಕ್ಕಿಂತ ಮೇಲೆ ಇದ್ದಿದ್ದು ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದ ಐದು ವಿಕ್ಟೋರಿಯಾ ರಾಣಿ ರೂಪಾಯಿ. ಥಳಥಳ ಹೊಳೀತಿದ್ದವು. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟು, ಕಳಶದ ಮುಂದೆ ಇಡೋ ನಾಣ್ಯಗಳು ಅವು. ಬೆಳಕಿಗೆ ಹಿಡಿದರೆ ಮೇಲ್ಮೈ ತುಂಬಾ ಕೂದಲೆಳೆಯಂಥ ಸಾವಿರ ಗೀರು.

“ಇದನ್ನ ನೋಡಿದ್ರೆ ಆ ಕಂಪನಿಯೋರು ಏನಂತಾರೆ?”

“ತೊಳೆದಿದ್ದಾರೆ ಅಂತಾರೆ ಅತ್ತೆ. ಅಂಕ ಕೊಡಲ್ಲ. ಚೀಟಿ ಮೇಲೆ ತೊಳೆದಿದ್ದು ಅಂತ ಬರೆದುಬಿಡ್ತಾರೆ.”

“ದೇವರ ಮುಂದೆ ಇಡೋದನ್ನ ತೊಳೀದೇ ಇಡೋಕಾಗುತ್ತೇನೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಐದನ್ನು ಅವರು ಮತ್ತೆ ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟರು. ಆ ಐದರ ಮಾತು ಅಲ್ಲಿಗೇ ಮುಗೀತು.

ಉಳಿದ ಒಂದೊಂದು ನಾಣ್ಯವೂ ಒಂದೊಂದು ಪುಟ್ಟ ಕಾಗದದ ಲಕೋಟೆಯಲ್ಲಿತ್ತು. ಮೇಲೆ ಮಾವನ ಮುದ್ದಾದ ಅಕ್ಷರ. ಇಸವಿ, ತೂಕ, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಆಮೇಲೆ ಒಂದು ಸಾಲು ಅಭಿಪ್ರಾಯ. “ಕಿವಿಯ ಮೇಲೆ ಸವೆತ.” “ಹೊಳಪು ಪೂರ್ತಿ ಇದೆ, ಬೆರಳು ತಾಕಿಸಬಾರದು.” “ಹಿಂದೆ ಸರಕ್ಕೆ ಬೆಸೆದಿದ್ದ ಗುರುತು, ಅಂಚು ನೋಡಿ.” ಐದನೇ ಜಾರ್ಜ್‌ನ 1911ರ ರೂಪಾಯಿಯ ಮೇಲೆ “ಹಂದಿ” ಅಂತ ಬರೆದಿದ್ದರು. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಜನ ಗಲಾಟೆ ಮಾಡಿದ್ದಕ್ಕೆ ಸರ್ಕಾರ ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲು ಸರಿಯಾಗಿ ಕಾಣುವಂತೆ ತಿದ್ದಿ ಅಚ್ಚು ಹಾಕಿಸಿತ್ತು.

ಮಧ್ಯಾಹ್ನದ ತನಕ ನಾನು ಮಾಡಿದ್ದು ಇಷ್ಟೇ: ಮೊದಲು ಲಕೋಟೆಯ ಮೇಲಿನದ್ದನ್ನು ನೋಡದೆ ನಾಣ್ಯ ನೋಡಿ ನನ್ನ ಅಂದಾಜು ಬರೆದುಕೊಳ್ಳೋದು, ಆಮೇಲೆ ಮಾವ ಬರೆದದ್ದನ್ನು ಓದೋದು. 42ರಲ್ಲಿ ಮೂರೋ ನಾಲ್ಕೋ ಬಿಟ್ಟರೆ ಎಲ್ಲದರಲ್ಲೂ ಇಬ್ಬರ ಮಾತು ಒಂದೇ ಇತ್ತು. ಬೇರೆ ಇದ್ದ ಕಡೆ ಮತ್ತೆ ಕನ್ನಡಿ ಹಿಡಿದು ನೋಡಿದರೆ ಅವರದ್ದೇ ಸರಿ.

ಇನ್ನು ಅಮೆರಿಕಕ್ಕೆ ಕಳಿಸೋ ಮಾತು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂಕ ಹಾಕಿಸಿ ವಾಪಸ್ ತರಿಸ್ತೀನಿ ಅಂದರೂ ಆಗಲ್ಲ. ವಿಕ್ಟೋರಿಯಾ, ಏಳನೇ ಎಡ್ವರ್ಡ್, 1922ರವರೆಗಿನ ಐದನೇ ಜಾರ್ಜ್, ಈ ಎಲ್ಲ ಬೆಳ್ಳಿ ರೂಪಾಯಿಗಳೂ ಈಗ ನೂರು ದಾಟಿವೆ. ಅಂದರೆ ಮಾವನ ಡಬ್ಬಿಯ ಮುಕ್ಕಾಲು ಪಾಲು ಅಲ್ಲಿಗೆ ಮುಗೀತು. ಫ್ಲೋರಿಡಾದ ಎನ್‌ಜಿಸಿಯೋ ಕ್ಯಾಲಿಫೋರ್ನಿಯಾದ ಪಿಸಿಜಿಎಸ್ಸೋ ಅನ್ನುವ ಚರ್ಚೆಗೆ ಅರ್ಥವೇ ಇಲ್ಲ.

ಅದರಲ್ಲೇ ಮೈಸೂರಿನ ತಾಮ್ರದ ಕಾಸುಗಳು ಮೂರು ಇದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಅಚ್ಚಾಗಿದೆ, ಆದರೆ ಅರ್ಧ ಅಕ್ಷರ ಅಂಚಿನಿಂದ ಆಚೆ ಹೋಗಿದೆ. ಯಂತ್ರದಲ್ಲಿ ಒಂದೇ ಸಮ ಬಿದ್ದ ಡಾಲರ್‌ಗೆ ಹೊಂದುವ ಅಳತೆಗೋಲನ್ನು ಇದಕ್ಕೆ ಹಿಡಿದರೆ ತಿಳಿಯೋದು ಕಮ್ಮಿ. ಮಾವ ಲಕೋಟೆಯ ಮೇಲೆ ಬರೆದದ್ದು ಒಂದೇ ಮಾತು: “ಕಾಸು ಓದಬಹುದು.”

ಉಳಿದದ್ದು 1938ರಿಂದ ಈಚಿನ ಆರನೇ ಜಾರ್ಜ್ ಕೆಲವು. ಇವನ್ನು ಕಳಿಸಬಹುದು. ಲೆಕ್ಕ ಹಾಕಿದೆ. ಕಡಿಮೆ ದರದ ಸೇವೆಗೂ ನಾಣ್ಯಕ್ಕೆ 20 ಡಾಲರ್ ಮೇಲೆ. ಅದರ ಮೇಲೆ ಸದಸ್ಯತ್ವ, ನಿರ್ವಹಣಾ ಶುಲ್ಕ, ಎರಡೂ ಕಡೆಯ ಸಾಗಣೆ, ಇನ್ಶೂರೆನ್ಸ್, ಕಸ್ಟಮ್ಸ್ ಕಾಗದಪತ್ರ. 1940ರಿಂದ ಈಚಿನ ರೂಪಾಯಿಗಳಲ್ಲಿ ಬೆಳ್ಳಿಯೇ ಅರ್ಧ. ಅದೂ ಎಲ್ಲ ಕಡೆ ಸಿಗುವ ನಾಣ್ಯ, ಸವೆದಿರೋದು ಬರಿಗಣ್ಣಿಗೇ ಕಾಣುತ್ತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಇನ್ನು ಉಳಿದದ್ದು ಒಂದೇ. 1939.

ಗೊತ್ತಿದ್ದವರಿಗೆ ಈ ಇಸವಿ ಕೇಳಿದರೆ ಕಿವಿ ನಿಮಿರುತ್ತೆ. ಆರನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳಲ್ಲಿ ಬಹಳ ಅಪರೂಪದ್ದು ಇದು. ಅಸಲಿಯಾಗಿದ್ದರೆ ಅದೊಂದರಿಂದಲೇ ತಾರಸಿ ಆಗಿ, ಮನೆಗೆ ಬಣ್ಣವೂ ಆಗ್ತಿತ್ತು. ಗ್ರೇಡಿಂಗ್ ಕಂಪನಿಗೆ ಕಳಿಸಲೇಬೇಕಾದ ನಾಣ್ಯ ಅಂತ ಯಾವುದಾದರೂ ಇದ್ದರೆ ಅದು ಇಂಥದ್ದೇ. ತೂಗಿದೆ. 11.6 ಗ್ರಾಂ ಮೇಲೆ, ಸರಿಯಾಗಿದೆ. ಅಯಸ್ಕಾಂತಕ್ಕೆ ಅಂಟಲಿಲ್ಲ. ಬೆಳ್ಳಿಯೇ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡೋ ಕನ್ನಡಿಯಲ್ಲಿ ಇಸವಿ ನೋಡಿದೆ. ಕೊನೆಯ 9ರ ಕೆಳಗೆ ಎಡಬದಿಯಲ್ಲಿ ಲೋಹ ಕೆರೆದ ಸಣ್ಣ ಗುರುತು. ಸುತ್ತ ಇಲ್ಲದ ಒಂದು ಒರಟು ಹೊಳಪು ಅಲ್ಲಿ ಮಾತ್ರ. 1938ರ 8ರ ಒಂದು ಪಕ್ಕ ಕೆರೆದು 9 ಮಾಡಿದ ಕೈಚಳಕ. ನಾಣ್ಯ ಅಸಲಿ, ಇಸವಿ ಸುಳ್ಳು.

ಲಕೋಟೆ ತಿರುಗಿಸಿದೆ. ಕೊಟ್ಟ ಬೆಲೆ 900 ಅಂತ ಇತ್ತು. ಕೆಳಗೆ ಎರಡೇ ಪದ, ಕೆಂಪು ಶಾಯಿಯಲ್ಲಿ: “ಅನುಮಾನ. ಮಾರಬಾರದು.”

ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ನನಗೆ ಇದನ್ನ ಹೇಳ್ಲೇ ಇಲ್ಲ ನೋಡು” ಅಂದರು. ಮೋಸ ಹೋದ ದುಡ್ಡಿನ ಬಗ್ಗೆ ಹೇಳಲಿಲ್ಲ ಅಂತ ಬೇಜಾರೋ, ಇನ್ನೊಬ್ಬರಿಗೆ ದಾಟಿಸಲಿಲ್ಲ ಅಂತ ಹೆಮ್ಮೆಯೋ, ಅವರ ಮುಖ ನೋಡಿ ನನಗೆ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು.

ಕೊನೆಗೆ ಒಂದು ನಾಣ್ಯವನ್ನೂ ಎಲ್ಲಿಗೂ ಕಳಿಸಲಿಲ್ಲ. ಹೊಳಪು ಉಳಿದಿದ್ದ ಏಳು ರೂಪಾಯಿಗಳನ್ನು ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನಕ್ಕೆ ತಗೊಂಡು ಹೋದೆ, ಮಾವನ ಲಕೋಟೆಗಳ ಸಮೇತ. ಒಬ್ಬ ಹಿರಿಯ ಸಂಗ್ರಾಹಕರು ನಾಣ್ಯ ನೋಡಿದರು, ಲಕೋಟೆ ಓದಿದರು, ಮತ್ತೆ ನಾಣ್ಯ ನೋಡಿದರು. “ಬರೆದವರು ಸುಳ್ಳು ಹೇಳೋರಲ್ಲ” ಅಂದು ಐದನ್ನು ತಗೊಂಡರು. ಉಳಿದ ಎರಡು ಪಕ್ಕದ ಮೇಜಿನಲ್ಲಿ ಹೋದವು. ಆ ಏಳಕ್ಕೆ ಬಂದದ್ದು ತಕ್ಕಡಿಯವರು 47ಕ್ಕೆ ಹೇಳಿದ್ದಕ್ಕಿಂತ ಜಾಸ್ತಿ. ಮಳೆಗಾಲಕ್ಕೆ ಮುಂಚೆ ತಾರಸಿ ಕೆಲಸ ಮುಗೀತು.

ನಿಮ್ಮ ಮನೆಯಲ್ಲೂ ಅಜ್ಜಿಯ ಪೆಟ್ಟಿಗೆಯಲ್ಲಿ ನಾಲ್ಕು ಹಳೆಯ ರೂಪಾಯಿ ಇರಬಹುದು. ಪೂಜೆಯದ್ದು ಬಿಟ್ಟು ಬೇರೆ ಯಾವುದನ್ನೂ ತೊಳೀಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್, ಪುಡಿ ಯಾವುದೂ ಬೇಡ. ಅಂಚು ಹಿಡಿದು ಎತ್ತಿ. ತೂಗಿ, ಇಸವಿಯನ್ನು ಕನ್ನಡಿಯಲ್ಲಿ ನೋಡಿ. ನೂರು ದಾಟಿದ್ದರೆ ಕೊರಿಯರ್ ಅಂಗಡಿಗೆ ಹೋಗಬೇಡಿ. ನೂರರೊಳಗಿನದ್ದು ನಿಜಕ್ಕೂ ಅಪರೂಪದ್ದಾಗಿದ್ದು, ಅಸಲಿಯೋ ಅಲ್ಲವೋ ಅನ್ನೋದರ ಮೇಲೆ ಲಕ್ಷ ರೂಪಾಯಿ ನಿಂತಿದ್ದರೆ, ಒಳ್ಳೆ ಕಂಪನಿಯ ಡಬ್ಬಿಗೆ ಕೊಡೋ ದುಡ್ಡು ದಂಡ ಅಲ್ಲ. ಆಗ ಪಿಸಿಜಿಎಸ್ ಆಗಲಿ ಎನ್‌ಜಿಸಿ ಆಗಲಿ, ನಿಮ್ಮ ನಾಣ್ಯ ಕೊಳ್ಳುವವರು ಯಾವುದನ್ನು ನಂಬ್ತಾರೋ ಅದು.

1939ರ ಆ ರೂಪಾಯಿಯನ್ನು ಅತ್ತೆ ನನಗೆ ಕೊಟ್ಟರು. ನನ್ನ ಕೆಲಸದ ಮೇಜಿನ ಖಾನೆಯಲ್ಲಿ ಅದೇ ಲಕೋಟೆಯಲ್ಲಿದೆ. ಮುಂದೆ ಯಾರ ಕೈಗೆ ಸಿಕ್ಕರೂ ಕೆಂಪು ಶಾಯಿಯ ಆ ಎರಡು ಪದ ಅವರಿಗೆ ಮೊದಲು ಕಾಣುತ್ತವೆ.